ಎಡಕ್ಕೆ ವಾಲುವ ಹೆಮ್ಮಿಂಗು

ಬೆಳಿಗ್ಗೆ ರೈಲಿಗೆ ಹೊರಡುವ ಮೊದಲು ಮನೆಯಲ್ಲಿ ನನಗೆ ಎರಡು ಕೆಲಸ. ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ ಎತ್ತಿಡುವುದು ಒಂದು. ಸೂಜಿಗಳಿಗೆ ದಾರ ಪೋಣಿಸಿ ಹಳೇ ದಿಂಬಿನ ಮೂಲೆಗೆ ಸಾಲಾಗಿ ಚುಚ್ಚಿಡುವುದು ಇನ್ನೊಂದು. ಮೊದಮೊದಲು ಎರಡು ಸೂಜಿ ಸಾಕು ಅನ್ನುತ್ತಿದ್ದಳು. ಆಮೇಲೆ ನಾಲ್ಕಾಯಿತು, ಆರಾಯಿತು. ಹತ್ತಕ್ಕೆ ಬಂದು ನಿಂತ ದಿನ ನನಗೆ ರೈಲಿನ ಅವಸರ. "ಅಲ್ಲಾ, ಸೂಜಿ ಏನ್ ತಿಂತೀಯೇನಮ್ಮಾ ನೀನು?" ಎಂದು ರೇಗಿಬಿಟ್ಟೆ.

"ನೀನ್ ರೈಲ್ ಅತ್ತಿದ್ ಮ್ಯಾಕೆ ನಂಗ್ಯಾರ್ ಪೋಣ್ಸಿ ಕೊಡ್ತಾರೆ? ಗೋಡೇನಾ?" ಅಂದಳು ಅಮ್ಮ.

ಅವಳ ಕಣ್ಣು ಹೋಗುತ್ತಿದೆ ಎನ್ನುವುದು ನನಗೆ ಗೊತ್ತಾದದ್ದೇ ಹಾಗೆ, ಸೂಜಿಗಳು ಹೆಚ್ಚುತ್ತಾ ಹೋದದ್ದರಿಂದ. ಅವಳಾಗಿ ಬಾಯಿ ಬಿಟ್ಟು ಹೇಳಿದವಳಲ್ಲ. ಹೇಳುವ ಜಾತಿಯೂ ಅಲ್ಲ.

ಊರಿಗಾಂನಲ್ಲಿ, ಹಳೇ ಚಿನ್ನದ ಗಣಿ ಕಂಪನಿಯ ಕಟ್ಟಡಗಳ ಹಿಂದಿನ ಸಣ್ಣ ಮನೆಯಲ್ಲಿ ನಾವಿಬ್ಬರೇ. ಅಪ್ಪ ದಾವಣಗೆರೆ ಕಡೆಯವರು, ಇಲ್ಲಿನ ಕಾರ್ಖಾನೆಗೆ ಕೆಲಸಕ್ಕೆಂದು ಬಂದು ಇಲ್ಲೇ ನಿಂತವರು. ತೀರಿಕೊಂಡು ಬಹಳ ವರ್ಷವಾಯಿತು. ಅಮ್ಮ ಬಂಗಾರಪೇಟೆ ಪಕ್ಕದ ಹಳ್ಳಿಯವಳು. ನಾನು ಬೆಂಗಳೂರಿನ ಒಂದು ಆಫೀಸಿನಲ್ಲಿ ಗುಮಾಸ್ತೆ. ಮಾರಿಕುಪ್ಪಂನಿಂದ ಬರುವ ರೈಲನ್ನು ಬೆಳಿಗ್ಗೆ ಹತ್ತುತ್ತೇನೆ, ಸಂಜೆ ಅದೇ ದಾರಿಯಲ್ಲಿ ವಾಪಸ್ಸು ಬರುತ್ತೇನೆ. ಮದುವೆ ಎನ್ನುವುದು ನನ್ನ ಪಾಲಿಗೆ ಎರಡು ವರ್ಷದ ರಗಳೆ, ಅದರ ಕತೆ ಇಲ್ಲಿ ಬೇಡ.

ಅಮ್ಮನ ಕೆಲಸ ಹೆಮ್ಮಿಂಗು. ರಾಬರ್ಟ್‌ಸನ್‌ಪೇಟೆಯ ಟೈಲರೊಬ್ಬರು ರವಿಕೆಗಳನ್ನು ಮೆಷಿನ್ನಿನಲ್ಲಿ ಹೊಲಿದು ಇವಳಿಗೆ ಕಳಿಸುತ್ತಾರೆ. ತೋಳಿನ ತುದಿ, ಕುತ್ತಿಗೆ, ಸೊಂಟದ ಅಂಚು, ಇಷ್ಟನ್ನೂ ಒಳಕ್ಕೆ ಮಡಚಿ ಇವಳು ಕೈಯಲ್ಲಿ ಹೊಲಿದು ವಾಪಸ್ಸು ಕೊಡಬೇಕು. ಸೂಜಿ ಹೊರಬಟ್ಟೆಯ ಒಂದೇ ಒಂದು ಎಳೆಯನ್ನು ಎತ್ತಿ, ಮಡಿಕೆಯ ಅಂಚನ್ನು ಹಿಡಿದು ಮುಂದಕ್ಕೆ ಹೋಗಬೇಕು. ಒಳಗಡೆ ಹೊಲಿಗೆ ಕಾಣುತ್ತದೆ, ಹೊರಗಡೆ ಕಾಣಕೂಡದು. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಆದರೆ ಒಂದೆಳೆಯ ಬದಲು ಮೂರೆಳೆ ಎತ್ತಿದಿರೋ, ರವಿಕೆಯ ಹೊರಮೈ ತುಂಬ ಸೊಳ್ಳೆ ಕಚ್ಚಿದ ಹಾಗೆ ಚುಕ್ಕೆ ಏಳುತ್ತದೆ.

ಅಮ್ಮ ಎಡಚಿ. ಎಲ್ಲರೂ ಬಲಗಡೆಯಿಂದ ಎಡಕ್ಕೆ ಹೊಲಿದುಕೊಂಡು ಹೋದರೆ ಇವಳು ಎಡಗಡೆಯಿಂದ ಬಲಕ್ಕೆ ಬರುತ್ತಾಳೆ. ಹಾಗಾಗಿ ಅವಳ ಹೊಲಿಗೆಗಳೆಲ್ಲ ಬೇರೆಯವರ ಹೊಲಿಗೆಗಳಿಗೆ ಎದುರು ದಿಕ್ಕಿಗೆ ವಾಲಿರುತ್ತವೆ. ರವಿಕೆಯನ್ನು ಒಳಹೊರಗು ಮಾಡಿ ನೋಡಿದರೆ ಇದು ಅಮ್ಮನ ಕೈಯದು ಎಂದು ಯಾರು ಬೇಕಾದರೂ ಹೇಳಬಹುದು. ಅವಳಿಗೆ ಅದಕ್ಕಿಂತ ಹೆಚ್ಚಿನ ಜಂಬ ಗಂಟಿನ ಮೇಲೆ. ದಾರ ಮುಗಿದ ಕಡೆ ಮೂರು ಸಣ್ಣ ಹೊಲಿಗೆ ಹಾಕಿ, ಗಂಟು ಬಿಗಿದು, ಅದನ್ನು ಮಡಿಕೆಯೊಳಗೆ ನುಗ್ಗಿಸಿಬಿಡುತ್ತಾಳೆ. "ಬಟ್ಟೆ ಅರೀಬೋದು, ನನ್ ಗಂಟ್ ಬಿಚ್ಚಲ್ಲ" ಎಂದು ನಾನು ಚಿಕ್ಕವಳಿದ್ದಾಗಿನಿಂದ ಹೇಳಿಕೊಂಡು ಬಂದಿದ್ದಾಳೆ.

ನನಗೆ ಮಾತ್ರ ಇದೇನೂ ಬರಲಿಲ್ಲ. ಏಳನೆಯ ಕ್ಲಾಸಿನಲ್ಲಿ ನಮಗೆ ಹೊಲಿಗೆಯ ಪೀರಿಯಡ್ಡು ಇತ್ತು. ಕರ್ಚೀಫಿನಷ್ಟು ಬಿಳಿ ಬಟ್ಟೆಯ ನಾಲ್ಕೂ ಅಂಚಿಗೆ ಹೆಮ್ಮಿಂಗ್ ಹಾಕಿಕೊಂಡು ಬನ್ನಿ ಅಂದರು. ನಾನು ಎಳೆದ ರಭಸಕ್ಕೆ ಬಟ್ಟೆ ಸುಕ್ಕುಗಟ್ಟಿ ಮುದುರಿ ಕೂತಿತು. ಸಿಟ್ಟು ಬಂದು ಅದನ್ನು ನೀರೊಲೆಯ ಹತ್ತಿರ ಎಸೆದೆ. ಅಮ್ಮ ಬೈಯುತ್ತಲೇ ಇನ್ನೊಂದು ಬಟ್ಟೆಗೆ ತಾನೇ ಹಾಕಿಕೊಟ್ಟಳು. ಮಾರನೆಯ ದಿನ ಹೊಲಿಗೆ ಟೀಚರು ಅದನ್ನು ತಿರುಗಿಸಿ ನೋಡಿ, "ನೀನು ಬಲಗೈಲಿ ಬರೀತೀಯ, ಎಡಗೈಲಿ ಹೊಲೀತೀಯಾ?" ಎಂದು ಕೇಳಿ, ಬೆಂಚಿನ ಮೇಲೆ ನಿಲ್ಲಿಸಿದರು. ಮನೆಗೆ ಬಂದು ಕೂಗಾಡಿದೆ. ನಾನು ಓದಿ ಕೆಲಸಕ್ಕೆ ಹೋಗುವವಳು, ಈ ದರಿದ್ರ ಸೂಜಿ ಇನ್ನು ಮುಟ್ಟಲ್ಲ ಅಂದೆ. ಅಮ್ಮ, "ಆಯ್ತು ಬಿಡು, ಮುಟ್ಬೇಡ" ಅಂದಳು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಕಣ್ಣಿನ ಡಾಕ್ಟರರ ಹತ್ತಿರ ಅವಳನ್ನು ಬಂಗಾರಪೇಟೆಗೆ ಕರೆದುಕೊಂಡು ಹೋದೆ. ಹನಿ ಹಾಕಿ, ಎರಡು ಗಂಟೆ ಕೂರಿಸಿ, ಪರೀಕ್ಷೆ ಮಾಡಿದರು. ಪೊರೆ ಬಂದಿದ್ದರೆ ತೆಗೆಯಬಹುದಿತ್ತಂತೆ. ಇದು ಪೊರೆ ಅಲ್ಲ, ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಯನ್ನು ಹಾಳು ಮಾಡಿದೆ, ಹೋದ ದೃಷ್ಟಿ ವಾಪಸ್ಸು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಅಂದರು. ನಾನು ಏನೇನೋ ಕೇಳಿದೆ. ಬೆಂಗಳೂರಿಗೆ ಹೋದರೆ? ಇಂಜೆಕ್ಷನ್ನು? ಲೇಸರು? ಅವರು ತಾಳ್ಮೆಯಿಂದಲೇ ಉತ್ತರ ಕೊಟ್ಟರು, ಎಲ್ಲ ಉತ್ತರವೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಅಮ್ಮ ಕೇಳಿದ್ದು ಒಂದೇ.

"ಎಮ್ಮಿಂಗ್ ಆಕ್ಬೋದಾ ಸಾರ್?"

ಅವರಿಗೆ ಅರ್ಥವಾಗಲಿಲ್ಲ, ನಾನು ಬಿಡಿಸಿ ಹೇಳಿದೆ. "ಆಗೋಷ್ಟು ದಿನ ಹಾಕಲಿ" ಅಂದರು, ನನ್ನ ಮುಖ ನೋಡಿ.

ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ಹನಿ ಹಾಕಿದ ಕಣ್ಣಿಗೆ ಸೆರಗು ಅಡ್ಡ ಹಿಡಿದುಕೊಂಡು ಅಮ್ಮ ಅಂದಳು: "ಕಣ್ ಓದ್ರೇನು, ಕೈ ಐತಲ್ಲ. ಕೈಗೆಲ್ಲಾ ಗೊತ್ತು. ಇದೊಂದ್ ಬಿಟ್ರೆ ನಾನ್ ಮನೇಲಿರೋ ಸ್ಟೂಲ್ ಇದ್ದಂಗೆ ಕಣೇ. ನೀನ್ ಬಂದಾಗ ಎತ್ತಿ ಆಚ್ಗಿಡ್ಬೇಕು, ಓದಾಗ ಈಚ್ಗಿಡ್ಬೇಕು."

ನಾನು "ಏನೇನೋ ಮಾತಾಡ್ಬೇಡ ಸುಮ್ನಿರು" ಎಂದು ಗದರಿದೆ. ಗದರುವುದು ಬಿಟ್ಟು ನನಗೆ ಬೇರೇನು ಬರುತ್ತಿತ್ತು?

ಅಂಗಡಿಗೆ ಒಬ್ಬಳೇ ಹೋಗುವುದನ್ನು ಅವಳು ನಿಲ್ಲಿಸಿದ ಮೇಲೆ ರವಿಕೆಯ ಚೀಲ ನನ್ನ ಹೆಗಲಿಗೆ ಬಂತು. ನಾನು ಹೊರಡುವ ಹೊತ್ತಿಗೆ ಟೈಲರು ಬಾಗಿಲು ತೆಗೆದಿರುವುದಿಲ್ಲ. ಹಾಗಾಗಿ ಚೀಲ ನನ್ನ ಜೊತೆಗೇ ಬೆಂಗಳೂರಿಗೆ ಹೋಗಿ, ಆಫೀಸಿನ ಮೇಜಿನ ಕೆಳಗೆ ಹಗಲೆಲ್ಲ ಕೂತು, ಸಂಜೆ ವಾಪಸ್ಸು ಬಂದು ಅಂಗಡಿ ಸೇರುತ್ತಿತ್ತು. ಒಂದು ಸಂಜೆ ಟೈಲರು ನನ್ನನ್ನು ಒಳಕ್ಕೆ ಕರೆದು ಒಂದು ಹಸಿರು ರವಿಕೆಯ ತೋಳು ತಿರುಗಿಸಿ ತೋರಿಸಿದರು.

"ನೋಡಮ್ಮಾ. ಅಕ್ಕನ ಕೈ ಹಿಂಗಿರಲಿಲ್ಲ."

ಹೊಲಿಗೆ ಮಡಿಕೆ ಬಿಟ್ಟು ಹೊರಗೆ ಅಲೆದಾಡಿಕೊಂಡು ಹೋಗಿತ್ತು. ನಡುವೆ ಎರಡು ಬೆರಳಿನಷ್ಟು ಜಾಗದಲ್ಲಿ ಮಡಿಕೆಗೆ ಸೂಜಿಯೇ ತಾಗಿರಲಿಲ್ಲ. ಯಾರೋ ರವಿಕೆ ಹಾಕಿಕೊಳ್ಳುವಾಗ ಬಳೆ ಸಿಕ್ಕಿ ತೋಳಿನ ಅಂಚು ಪೂರ್ತಿ ಕಿತ್ತು ಬಂತಂತೆ, ಅಂಗಡಿ ಮುಂದೆ ನಿಂತು ಕೂಗಾಡಿ ಹೋದರಂತೆ.

"ವರಮಾಲಕ್ಷ್ಮಿ ಹಬ್ಬ ಆಗೋವರ್ಗೂ ನೋಡ್ತೀನಿ. ಆಮೇಲೆ ಕಷ್ಟ ಅಮ್ಮಾ. ಇಷ್ಟ್ ವರ್ಷ ಆಯ್ತು, ನಾನ್ ಅಕ್ಕಂಗೆ ಎಪ್ಪಡಿ ಹೇಳೋದು? ನೀನೇ ಹೇಳ್ಬಿಡು" ಅಂದರು. ಅವರ ಮನೆಮಾತು ತಮಿಳು. ಮನಸ್ಸಿಗೆ ಕಷ್ಟವಾದಾಗ ಅವರ ಕನ್ನಡದೊಳಗೆ ಅದು ನುಗ್ಗುತ್ತದೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನಗೆ ಜಾಗವಿರಲಿಲ್ಲ.

ನಾನು ಹೇಳಲಿಲ್ಲ. ಮನೆಗೆ ಬಂದಾಗ ಅಮ್ಮ ಹಿತ್ತಿಲ ಬಾಗಿಲಿನಲ್ಲಿ ಕೂತು ಮಾರನೆಯ ದಿನದ ರವಿಕೆಯ ತೋಳುಗಳನ್ನು ಉಗುರಿನಿಂದ ಗೀರಿ ಮಡಚುತ್ತಿದ್ದಳು. "ಟೈಲರ್ ಏನಂದ್ರು?" ಅಂದಳು. "ಹಬ್ಬದ ಕೆಲಸ ರಾಶಿ ಬಿದ್ದೈತೆ ಅಂದ್ರು" ಅಂದೆ. ಅವಳ ಮುಖ ಅಷ್ಟಗಲ ಅರಳಿತು. ಥೂ ನನ್ನ ಬಾಯಿಗೆ ಎಂದುಕೊಂಡೆ.

ಆಗ ನನಗೆ ಹೊಳೆದದ್ದು ಒಂದೇ ದಾರಿ. ಚೀಲ ಹೇಗೂ ದಿನವೆಲ್ಲ ನನ್ನ ಹತ್ತಿರವೇ ಇರುತ್ತದೆ. ರೈಲಿನಲ್ಲಿ ಅಮ್ಮನ ಹೊಲಿಗೆ ಬಿಚ್ಚಿ, ನಾನೇ ಹೊಲಿದು ಕೊಟ್ಟರಾಯಿತು. ನನಗೆ ಹೊಲಿಯಲು ಬರುವುದಿಲ್ಲ ಎನ್ನುವುದು ಬಿಟ್ಟರೆ ಇದರಲ್ಲಿ ಯಾವ ತೊಂದರೆಯೂ ಕಾಣಲಿಲ್ಲ.

ಮೊಬೈಲಿನಲ್ಲಿ ವೀಡಿಯೋ ನೋಡಿದೆ. ಅದರಲ್ಲಿ ಒಬ್ಬಾಕೆ ಬಿಳಿ ಬಟ್ಟೆಯ ಮೇಲೆ ದಪ್ಪ ಕೆಂಪು ದಾರದಲ್ಲಿ ನಗುನಗುತ್ತಾ ಹೊಲಿಯುತ್ತಾಳೆ, ಮೂರು ನಿಮಿಷಕ್ಕೆ ಮುಗಿದುಹೋಗುತ್ತದೆ. ನನ್ನ ಕೈಯಲ್ಲಿದ್ದದ್ದು ಜಾರುವ ರೇಷ್ಮೆ, ಅದೇ ಬಣ್ಣದ ದಾರ, ಅಲುಗಾಡುವ ರೈಲು. ಊರಿಗಾಂ ಬಿಟ್ಟಾಗ ಬಿಚ್ಚಲು ಶುರು ಮಾಡಿದೆ. ಅಮ್ಮನ ಹೊಲಿಗೆ ಎಲ್ಲೆಲ್ಲೋ ಅಲೆದಿದ್ದರೂ ಅವಳ ಗಂಟು ಮಾತ್ರ ಎಂದಿನ ಗಂಟೇ. ಮಡಿಕೆಯೊಳಗೆ ಹುದುಗಿ ಕೂತ ಅದನ್ನು ಪಿನ್ನಿನಿಂದ ಕೆದಕಿ, ಹಲ್ಲಿನಿಂದ ಕಚ್ಚಿ, ಬ್ಲೇಡಿನ ತುದಿಯಿಂದ ಕೊಯ್ದು, ಬಟ್ಟೆಗೆ ಗಾಯವಾಗುತ್ತದೋ ಎಂದು ಬೆವತು, ಒಂದು ತೋಳು ಬಿಚ್ಚುವಷ್ಟರಲ್ಲಿ ಬಂಗಾರಪೇಟೆ ಬಂದಿತ್ತು. ಅಮ್ಮ ಆ ರವಿಕೆಗಾಗಿ ಅರ್ಧ ದಿನ ಬೆನ್ನು ಬಗ್ಗಿಸಿ ಕೂತಿದ್ದಳು. ಬಿಚ್ಚಿದ ದಾರವನ್ನು ಕಿಟಕಿಯಿಂದ ಆಚೆ ಬಿಟ್ಟೆ.

ಬಂಗಾರಪೇಟೆಯಲ್ಲಿ ಜನ ನುಗ್ಗಿದರು. ನನ್ನ ಎದುರಿಗೆ ಒಬ್ಬ ಹೆಂಗಸು ಕೂತಳು. ಅವಳನ್ನು ಎಷ್ಟೋ ದಿನದಿಂದ ನೋಡಿದ್ದೆ, ಮಾತಾಡಿರಲಿಲ್ಲ. ಆಂಧ್ರದ ಗಡಿಯ ಹಳ್ಳಿಯವಳು, ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಕೆಲಸ. ರೈಲಿನಲ್ಲಿ ಕೂತು ಹುರುಳಿಕಾಯಿ ಮುರಿದುಕೊಂಡು ಹೋಗುವವಳು. ನನ್ನನ್ನು ಸ್ವಲ್ಪ ಹೊತ್ತು ನೋಡಿದಳು.

"ಏಮಕ್ಕಾ, ಜಾಕೀಟ್ ಜತೆ ಕುಸ್ತಿನಾ?"

"ಹೆಮ್ಮಿಂಗು" ಅಂದೆ ಗಂಟುಮುಖ ಹಾಕಿಕೊಂಡು.

"ಎಮ್ಮಿಂಗ್ ಅಂಗಲ್ಲ, ಕತ್ತು ಇಸ್ಕ್ದಂಗ್ ಕಾಣ್ತದೆ. ಕೊಡಿಲ್ಲಿ."

ಹುರುಳಿಕಾಯಿಯ ಕವರನ್ನು ನನ್ನ ಮಡಿಲಿಗೆ ಹಾಕಿ ರವಿಕೆ ಕಿತ್ತುಕೊಂಡಳು. ನಾಲ್ಕು ಹೊಲಿಗೆ ಹಾಕಿ ತೋರಿಸಿದಳು. ಹೊರಗಡೆ ತಿರುಗಿಸಿದರೆ ಏನೂ ಇಲ್ಲ, ಬರೀ ಬಟ್ಟೆ. ನನ್ನ ಕೈಗೆ ಕೊಟ್ಟಳು. ನಾನು ಒಂದು ಹಾಕಿ ಎಳೆದೆ. ಬಟ್ಟೆ ಚಕ್ ಎಂದು ಮುದುರಿತು.

"ಎಳೀಬ್ಯಾಡಕ್ಕಾ! ದಾರಾನ ಕೂರ್ಸು. ಅದ್ರ ಪಾಡ್ಗೆ ಅದ್ ಕೂತ್ಕಂತದೆ. ಯಾರ್ ಮ್ಯಾಲೆ ನಿಂಗಿಷ್ಟ್ ಕೋಪ?"

ಯಾರ ಮೇಲೆ ಅಂತ ಹೇಳಲಿ? ಸಕ್ಕರೆ ಕಾಯಿಲೆಯ ಮೇಲೆ ಅನ್ನಲೇ? ಮತ್ತೆ ಹಾಕಿದೆ, ಮತ್ತೆ ಎಳೆದೆ. ರೈಲು ಟೇಕಲ್ಲಿನ ಹತ್ತಿರ ಒಮ್ಮೆ ಜಗ್ಗಿದಾಗ ಸೂಜಿ ಹೆಬ್ಬೆರಳಿಗೆ ಇಳಿದು, ಹಳದಿ ರವಿಕೆಯ ಮೇಲೆ ಕಡಲೆಬೇಳೆಯಷ್ಟು ರಕ್ತ. ನನಗೆ ಜೀವ ಹಾರಿಹೋಯಿತು. ಅವಳು ಮಾತ್ರ ಕಾಯಿ ಮುರಿಯುತ್ತಲೇ, "ಉಗುಳು. ನಿನ್ ರಕ್ತಕ್ಕೆ ನಿನ್ ಎಂಜ್ಲೇ ಅಚ್ಬೇಕು. ಬೇರೇರ್ದ್ ಆಗಲ್ಲ" ಅಂದಳು. ಹಚ್ಚಿ ಉಜ್ಜಿದೆ. ಹೋಯಿತು. ಮಾಲೂರು ಬರುವಷ್ಟರಲ್ಲಿ ಒಂದು ತೋಳಿನ ಅರ್ಧ ಮುಗಿದಿತ್ತು. ಅದು ಹೊಲಿಗೆಯೋ ಹಲ್ಲಿನಿಂದ ಕಚ್ಚಿದ ಗುರುತೋ ಹೇಳುವ ಹಾಗಿರಲಿಲ್ಲ.

ಹೀಗೆ ನನ್ನ ನಲವತ್ತೆರಡನೆಯ ವಯಸ್ಸಿನಲ್ಲಿ ನಾನು ಹೆಮ್ಮಿಂಗ್ ಕಲಿತೆ. ಬಂಗಾರಪೇಟೆಯ ತನಕ ಬಿಚ್ಚುವುದು, ಬಂಗಾರಪೇಟೆಯ ನಂತರ ಹಾಕುವುದು. ಉಳಿದದ್ದು ಆಫೀಸಿನ ಊಟದ ಹೊತ್ತಿನಲ್ಲಿ, ಇನ್ನೂ ಉಳಿದದ್ದು ಸಂಜೆಯ ರೈಲಿನಲ್ಲಿ. ಮೂರನೆಯ ವಾರಕ್ಕೆ ಹೊರಗಡೆಯ ಚುಕ್ಕೆಗಳು ಕಡಿಮೆಯಾದವು. ಬಿಗಿ ಮಾತ್ರ ಹೋಗಲಿಲ್ಲ. ಗಾರ್ಮೆಂಟ್ಸಿನವಳು ನನ್ನ ಹೊಲಿಗೆ ನೋಡಿದಾಗಲೆಲ್ಲ, "ಇನ್ನೂ ಕೋಪ ಇಳ್ದಿಲ್ವಾ?" ಅನ್ನುತ್ತಿದ್ದಳು.

ಆದರೆ ವಾಲುವುದಕ್ಕೆ ಏನು ಮಾಡುವುದು? ನನ್ನದು ಬಲಗೈ, ಹೊಲಿಗೆ ಅಮ್ಮನದಕ್ಕೆ ಎದುರಾಗಿ ವಾಲುತ್ತಿತ್ತು. ರವಿಕೆಯನ್ನು ತಲೆಕೆಳಗೆ ಹಿಡಿದು ಹೊಲಿದರೆ ಸರಿಹೋಗುತ್ತದೆ ಎಂದು ನನ್ನ ಬುದ್ಧಿಗೆ ತೋಚಿತು. ಎರಡು ತೋಳು ಪೂರ್ತಿ ತಲೆಕೆಳಗೆ ಹಿಡಿದೇ ಹೊಲಿದೆ. ನೇರ ಮಾಡಿ ನೋಡಿದರೆ ಅದೇ ವಾಲು! ತಿರುಗಿಸಿದರೂ ಅದು ಬದಲಾಗುವುದಿಲ್ಲ ಎಂದು ತಿಳಿಯಲು ನನಗೆ ಎರಡು ತೋಳು ಬೇಕಾಯಿತು. ಎಡದಿಂದ ಬಲಕ್ಕೆ ಬರಲು ನೋಡಿದೆ. ಸೂಜಿ ನನ್ನ ಎದೆಗೇ ತಿರುಗಿ ನಿಲ್ಲುತ್ತಿತ್ತು. ಎಡಗೈಯಲ್ಲಿ ಹಿಡಿದು ನೋಡಿದೆ, ಎದುರಿಗಿದ್ದವಳು ಹುರುಳಿಕಾಯಿ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ. ಅಷ್ಟು ವರ್ಷ ಕಣ್ಣೆದುರಿಗೇ ಹೊಲಿದವಳ ಕೈಯನ್ನು ಒಂದು ದಿನವಾದರೂ ಸರಿಯಾಗಿ ನೋಡಿರಲಿಲ್ಲ ನಾನು.

ಟೈಲರಿಗೆ ಮೊದಲ ದಿನವೇ ಗೊತ್ತಾಯಿತು. ತೋಳು ತಿರುಗಿಸಿದರು, ನನ್ನ ಹೆಬ್ಬೆರಳಿನ ಗಾಯಗಳನ್ನು ನೋಡಿದರು.

"ಅಕ್ಕಂಗೆ ಗೊತ್ತಾ?"

"ಇಲ್ಲ."

"ಇದಕ್ಕಿಂತ ಅಕ್ಕಂದು ಹಾಳಾಗಿರೋದೇ ವಾಸಿ ಇತ್ತಮ್ಮಾ" ಅಂದರು. ಆದರೂ ತೆಗೆದುಕೊಂಡರು. ಹಬ್ಬ ಮುಗಿದ ಮೇಲೂ ಚೀಲ ತುಂಬಿ ಕೊಡುವುದನ್ನು ನಿಲ್ಲಿಸಲಿಲ್ಲ. ಒಂದು ಸಲ ಮಾತ್ರ, "ಎಷ್ಟ್ ದಿನ ಅಂತ ಮಾಡ್ತೀಯಮ್ಮಾ?" ಎಂದು ಕೇಳಿದರು. ನಾನು ಚೀಲದ ಹಗ್ಗ ಸರಿಮಾಡಿಕೊಂಡು ಇಳಿದು ಬಂದೆ.

ಮನೆಯಲ್ಲಿ ಅಮ್ಮ ಖುಷಿಯಾಗಿದ್ದಳು. ಅದೇ ನನ್ನನ್ನು ಸುಡುತ್ತಿದ್ದುದು. "ಒಂದ್ ಕಂಪ್ಲೇಂಟೂ ಬಂದಿಲ್ಲ ನೋಡು. ಡಾಕ್ಟ್ರು ಏನೋ ಯೋಳ್ತಾರೆ, ಕೈಗ್ ಗೊತ್ತಿರೋದು ಅವ್ರ್ಗೇನ್ ಗೊತ್ತು?" ಅನ್ನುತ್ತಿದ್ದಳು. ದಿನದಿನಕ್ಕೆ ಹೊಲಿಗೆ ಇನ್ನೂ ದೂರ ದೂರ ಅಲೆಯುತ್ತಿತ್ತು. ಒಂದು ಸಲ ತೋಳಿನ ಮುಂಭಾಗವನ್ನೂ ಹಿಂಭಾಗವನ್ನೂ ಸೇರಿಸಿ ಹೊಲಿದುಬಿಟ್ಟಿದ್ದಳು, ಕೈ ತೂರುವ ಹಾಗೇ ಇರಲಿಲ್ಲ. ಅದನ್ನು ಮಡಿಲಲ್ಲಿ ಹಾಕಿಕೊಂಡು ಕೋರಮಂಡಲ್ ನಿಲ್ದಾಣದಿಂದ ಬಂಗಾರಪೇಟೆಯವರೆಗೆ ಸುಮ್ಮನೆ ಕೂತಿದ್ದೆ. ಇವತ್ತು ಹೇಳಿಬಿಡೋಣ ಅಂದುಕೊಂಡೆ. ಮನೆಗೆ ಬಂದಾಗ, "ಆ ನೀಲಿ ಜಾಕೀಟು ಎಂಗ್ ಬಂದಿತ್ತು?" ಅಂದಳು. "ಚೆನ್ನಾಗಿತ್ತಮ್ಮಾ" ಅಂದೆ. ನನ್ನ ಕೈಲಿ ಆಗಲಿಲ್ಲ. ಅಷ್ಟೇ.

ಒಂದು ಭಾನುವಾರ ಕಾರ್ಖಾನೆಯ ಕ್ವಾರ್ಟರ್ಸಿನಿಂದ ಒಬ್ಬಾಕೆ ಮನೆಗೇ ಬಂದಳು. ಹಬ್ಬಕ್ಕೆ ಹೊಲಿಸಿದ ಮೆರೂನ್ ರವಿಕೆ ಬಿಗಿಯಾಗಿದೆ, ಪಕ್ಕದ ಹೊಲಿಗೆ ಒಂಚೂರು ಸಡಿಲಿಸಿಕೊಡಬೇಕು ಅಂದಳು. ಇಂಥ ಸಣ್ಣಪುಟ್ಟ ಕೆಲಸವನ್ನು ಅಮ್ಮ ಮೊದಲಿನಿಂದ ಮಾಡಿಕೊಡುತ್ತಿದ್ದಳು. ಪಕ್ಕ ಬಿಚ್ಚಬೇಕಾದರೆ ಮೊದಲು ಸೊಂಟದ ಅಂಚಿನ ಹೆಮ್ಮಿಂಗ್ ಬಿಚ್ಚಬೇಕು. ಅಮ್ಮ ರವಿಕೆಯನ್ನು ಒಳಹೊರಗು ಮಾಡಿ, ಗಂಟು ಹುಡುಕಲು ಎಡ ಹೆಬ್ಬೆರಳಿನ ಉಗುರನ್ನು ಅಂಚಿನ ಮೇಲೆ ಓಡಿಸಿದಳು.

ನಾನು ಅಡುಗೆಮನೆಯ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಮೆರೂನ್ ರವಿಕೆ ನೋಡಿದ ಕೂಡಲೇ ಗುರುತು ಸಿಕ್ಕಿತು. ಅದನ್ನು ಟೇಕಲ್ ಮತ್ತು ಮಾಲೂರಿನ ನಡುವೆ ಮುಗಿಸಿದ್ದೆ.

ಉಗುರು ಅರ್ಧ ದಾರಿಯಲ್ಲಿ ನಿಂತಿತು. ಹಿಂದಕ್ಕೆ ಬಂತು. ಮತ್ತೆ ಮುಂದಕ್ಕೆ ಹೋಯಿತು, ಈ ಸಲ ನಿಧಾನವಾಗಿ. ಆಮೇಲೆ ತೋಳು ಹಿಡಿದು ಅದರ ಅಂಚಿನ ಮೇಲೂ ಓಡಿಸಿದಳು.

"ಇದು ನಮ್ಮಂಗ್ಡೀದೇನಾ?"

"ಅಲ್ದೆ ಇನ್ನೆಲ್ಲೀದು ಅಕ್ಕಾ? ನೀವೇ ಅಲ್ವಾ ಹೆಮ್ಮಿಂಗ್ ಹಾಕಿದ್ದು? ಎಷ್ಟು ಗಟ್ಟಿಯಾಗಿದೆ!"

ನಾನು ಕೈಯಲ್ಲಿದ್ದ ಕಾಯಿ ಹಾಗೇ ಹಿಡಿದಿದ್ದೆ. ಅಮ್ಮ ರವಿಕೆಯನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಊಂ. ನಾನೇ ಆಕಿದ್ದು" ಅಂದಳು.

ಆಕೆ ಹೋದ ಮೇಲೆ ಬೈಗುಳ ಬರುತ್ತದೆ ಎಂದು ಕಾದೆ. ಬೈದಿದ್ದರೆ ಕಾಲಿಗೆ ಬೀಳುತ್ತಿದ್ದೆ, ಅತ್ತುಬಿಡುತ್ತಿದ್ದೆ, ಏನಾದರೂ ಒಂದು ಆಗುತ್ತಿತ್ತು. ಅವಳು ರವಿಕೆಯನ್ನು ನನ್ನ ಕಡೆ ಚಾಚಿದಳು. "ಇದ್ರ ಗಂಟ್ ಎಲ್ಲೈತೋ ನಂಗ್ ಸಿಗ್ತಿಲ್ಲ. ನೀನೇ ಬಿಚ್ಚು."

ನಾನು ತೆಗೆದುಕೊಂಡು ಎಡಗಡೆಯ ಮೂಲೆಯಲ್ಲಿ ಬ್ಲೇಡು ಆಡಿಸಿದೆ. ಒಂದೇ ಸಲಕ್ಕೆ ಗಂಟು ಕೈಗೆ ಬಂತು.

"ಬೇಗ್ನೆ ಸಿಕ್ತಲ್ಲ" ಅಂದಳು ಅಮ್ಮ. ಎದ್ದು ಗೋಡೆ ಸವರಿಕೊಂಡು ಹಿತ್ತಿಲಿಗೆ ಹೋಗಿ, ನಲ್ಲಿಯ ಹತ್ತಿರ ಬಹಳ ಹೊತ್ತು ಕೈ ತೊಳೆಯುತ್ತಾ ನಿಂತಿದ್ದಳು.

ನಾನು ಹಿಂದೆಯೇ ಹೋಗಬೇಕಿತ್ತು. ಹೋಗಿ ಏನು ಹೇಳುವುದು? ನಿನ್ನ ಹೊಲಿಗೆ ಕೆಟ್ಟಿದೆಯಮ್ಮಾ, ಅದಕ್ಕೇ ಬಿಚ್ಚಿದೆ ಅನ್ನಲೇ? ಟೈಲರು ಬೇರೆಯವರ ಕೈಲಿ ಮಾಡಿಸಿರಬೇಕು ಎಂದು ಸುಳ್ಳು ಹೇಳಲೇ? ಸುಲಿದ ಅವರೆಕಾಳನ್ನೇ ಮತ್ತೆ ಆರಿಸುತ್ತಾ ಕೂತೆ. ಇನ್ನು ಇವಳು ಸೂಜಿ ಮುಟ್ಟುವುದಿಲ್ಲ, ನಾಳೆಯಿಂದ ಚೀಲ ಬೇಡ ಅನ್ನುತ್ತಾಳೆ, ಇದನ್ನು ಮಾಡಿದವಳು ನಾನೇ ಎಂದುಕೊಂಡೆ. ಸಂಜೆ ಅವಳು ಎಂದಿನ ಹಾಗೆ ಸಾರು ಕಲಸಿಕೊಂಡು ಉಂಡಳು. ಸೋಮವಾರ ಬೆಳಿಗ್ಗೆ ಎಂದಿನ ಹಾಗೆ ಹತ್ತು ಸೂಜಿ ಕೇಳಿದಳು. ದಿಂಬಿನಿಂದ ಒಂದನ್ನು ಕಿತ್ತುಕೊಂಡು ಕೂತಳು.

ಮಂಗಳವಾರ ಚೀಲದಲ್ಲಿ ಎರಡು ರವಿಕೆ ಇದ್ದವು. ರೈಲು ಹೊರಟ ಮೇಲೆ ಮೇಲಿನದನ್ನು ತೆಗೆದೆ. ಪಿನ್ನು, ಬ್ಲೇಡು ಹೊರಗಿಟ್ಟು ಗಂಟು ಹುಡುಕಿದೆ. ಎಡಗಡೆ ಇರಲಿಲ್ಲ. ಬಲಗಡೆಯೂ ಇರಲಿಲ್ಲ. ಎಲ್ಲಿ ಹುದುಗಿಸಿದ್ದಾಳೋ ಮಹಾತಾಯಿ ಎಂದು ಗೊಣಗಿಕೊಂಡು, ದಾರದ ತುದಿ ಹಿಡಿದು ಮೆಲ್ಲಗೆ ಎಳೆದೆ.

ದಾರ ಪೂರ್ತಿ ಬಂತು. ತೋಳಿನ ಸುತ್ತಲಿನ ಅಷ್ಟೂ ಹೊಲಿಗೆ, ಒಂದೂ ತಡೆಯದೆ, ಒಂದೇ ಎಳೆತಕ್ಕೆ ನನ್ನ ಕೈಗೆ ಬಂತು.

ಇನ್ನೊಂದು ತೋಳು ನೋಡಿದೆ. ಕುತ್ತಿಗೆ ನೋಡಿದೆ. ಇನ್ನೊಂದು ರವಿಕೆ ತೆಗೆದು ನೋಡಿದೆ. ಎಲ್ಲೂ ಗಂಟಿಲ್ಲ. ದಾರ ಶುರುವಾಗುವ ಕಡೆಯೂ ಇಲ್ಲ, ಮುಗಿಯುವ ಕಡೆಯೂ ಇಲ್ಲ. ಪ್ರತಿಯೊಂದು ದಾರದ ತುದಿಯನ್ನೂ ನನ್ನ ಬೆರಳಿಗೆ ಸಿಗುವಷ್ಟು ಉದ್ದ ಹೊರಗೆ ಬಿಟ್ಟಿದ್ದಳು. ಸೋಮವಾರವಿಡೀ ಹಿತ್ತಿಲ ಬಾಗಿಲಲ್ಲಿ ಬೆನ್ನು ಬಗ್ಗಿಸಿ ಕೂತು, ನಾನು ಬಿಚ್ಚುತ್ತೇನೆಂದು ಗೊತ್ತಿದ್ದೂ ಹೊಲಿದಿದ್ದಳು.

ಬಂಗಾರಪೇಟೆಯಲ್ಲಿ ಗಾರ್ಮೆಂಟ್ಸಿನವಳು ಹತ್ತಿದಾಗ ನಾನು ಬಿಚ್ಚಿ ಮುಗಿಸಿ ಸುಮ್ಮನೆ ಕೂತಿದ್ದೆ. "ಏನಕ್ಕಾ, ಇವತ್ತು ಇಷ್ಟ್ ಬೇಗ ಆಗೋಯ್ತು?" ಅಂದಳು. ನನ್ನ ಮುಖ ನೋಡಿದಳು. ಕವರಿನಿಂದ ಒಂದು ಹಿಡಿ ಹುರುಳಿಕಾಯಿ ತೆಗೆದು ನನ್ನ ಮಡಿಲಿಗೆ ಹಾಕಿದಳು. ಅಷ್ಟು ಜನರ ನಡುವೆ ನಾನು ಕಾಯಿ ಮುರಿಯುತ್ತಾ ಅತ್ತೆ. ಟೇಕಲ್ ದಾಟಿದ ಮೇಲೆ ಕಣ್ಣು ಒರೆಸಿಕೊಂಡು ಸೂಜಿ ತೆಗೆದೆ. ಆ ದಿನ ಕಿಟಕಿಯಿಂದ ದಾರ ಆಚೆ ಬಿಡಲಿಲ್ಲ, ಸುತ್ತಿ ಪರ್ಸಿನಲ್ಲಿ ಇಟ್ಟುಕೊಂಡೆ.

ಸಂಜೆ ಮನೆಗೆ ಬಂದು ಎದುರಿಗೆ ಕೂತೆ. ದಾರದ ವಿಷಯ ನಾನು ಎತ್ತಲಿಲ್ಲ. ಅವಳೂ ಎತ್ತಲಿಲ್ಲ.

ಮಾರನೆಯ ಬೆಳಿಗ್ಗೆ ಸೂಜಿ ಪೋಣಿಸುತ್ತಿದ್ದೆ. ಅಮ್ಮ ಪಕ್ಕದಲ್ಲಿ ಕೂತು ಚೀಲದೊಳಗಿನ ರವಿಕೆಗಳನ್ನು ತಡವಿ ತಡವಿ ಮಡಚುತ್ತಿದ್ದಳು. ಇಷ್ಟು ವರ್ಷದಿಂದ ಆ ರೈಲಿನಲ್ಲಿ ಓಡಾಡುತ್ತೇನೆ, ಊಟದ ಡಬ್ಬಿ ತಗೊಂಡ್ಯಾ, ಛತ್ರಿ ತಗೊಂಡ್ಯಾ ಎಂದು ಕೇಳಿದ್ದಾಳೆಯೇ ಹೊರತು ರೈಲಿನೊಳಗಿನದನ್ನು ಒಂದು ದಿನವೂ ಕೇಳಿದವಳಲ್ಲ.

"ರೈಲ್ನಾಗೆ ನಿಂಗ್ ಸೀಟ್ ಸಿಗ್ತದಾ?" ಅಂದಳು.

"ಸಿಗ್ತದೆ."

"ಕಿಟ್ಕಿ ಪಕ್ಕ ಕೂತ್ಕೋ" ಅಂದಳು ಅಮ್ಮ, ಚೀಲದ ಬಾಯಿ ಕಟ್ಟುತ್ತಾ. "ಬೆಳ್ಕಿರ್ತದೆ."

"ಆಯ್ತಮ್ಮಾ" ಅಂದೆ. ಹತ್ತನೆಯ ಸೂಜಿಯನ್ನು ದಿಂಬಿಗೆ ಚುಚ್ಚಿ, ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ.